ಆಫ್ರಿಕಾದ ಔಷಧ ಗಿಡಗಳಿಗೆ ಪ್ರಯೋಗಾಲಯದ ಒಂದು ಅಂಕಿಯೇ ಅಳತೆಗೋಲಾಗದಿರಲಿ

ಮಾನ್ಯ ಸಂಪಾದಕರೇ,

ಆಫ್ರಿಕಾದ ಸಾಂಪ್ರದಾಯಿಕ ವೈದ್ಯದಲ್ಲಿ ಬಳಕೆಯಲ್ಲಿರುವ ಗಿಡಮೂಲಿಕೆಗಳ ಬಗ್ಗೆ ತಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಆಗಾಗ ಲೇಖನಗಳು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಈ ಲೇಖನಗಳಲ್ಲಿ ಬಹುಪಾಲು ಒಂದೇ ಜಾಡಿನಲ್ಲಿ ಸಾಗುತ್ತವೆ. ಇಂಥ ಎಲೆಯಲ್ಲಿ ಅಥವಾ ಇಂಥ ತೊಗಟೆಯಲ್ಲಿ ಉತ್ಕರ್ಷಣ ನಿರೋಧಕ ಅಂಶ, ಅಂದರೆ ಈಗ ಎಲ್ಲರ ಬಾಯಲ್ಲಿರುವ ಆ್ಯಂಟಿಆಕ್ಸಿಡೆಂಟ್, ಹೇರಳವಾಗಿದೆ ಎಂದು ಮೊದಲು ಹೇಳಿ, ಅದರ ಬೆನ್ನಿಗೇ ಅದು ಸಕ್ಕರೆ ಕಾಯಿಲೆಗೆ, ಹೃದ್ರೋಗಕ್ಕೆ, ಕ್ಯಾನ್ಸರಿಗೆ ಒಳ್ಳೆಯದು ಎಂಬ ತೀರ್ಮಾನಕ್ಕೆ ಬರಲಾಗುತ್ತದೆ. ಮೊದಲ ಮಾತು ಬಹುಮಟ್ಟಿಗೆ ನಿಜ. ಎರಡನೆಯದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಆಧಾರವಿಲ್ಲ. ಜೀವರಸಾಯನ ವಿಜ್ಞಾನವನ್ನು ಕಾಲೇಜಿನಲ್ಲಿ ಕಲಿಸಿದವನಾಗಿ, ಈ ಪರೀಕ್ಷೆಗಳನ್ನು ವಿದ್ಯಾರ್ಥಿಗಳ ಕೈಯಲ್ಲಿ ಮಾಡಿಸಿದವನಾಗಿ, ಈ ಎರಡು ಮಾತುಗಳ ನಡುವಿನ ದೂರವನ್ನು ಓದುಗರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದ್ದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ನನ್ನ ಆಕ್ಷೇಪವಿರುವುದು ಆಫ್ರಿಕಾದ ವೈದ್ಯ ಪರಂಪರೆಯ ಬಗ್ಗೆ ಅಲ್ಲವೇ ಅಲ್ಲ. ಆ ಖಂಡದ ಗಿಡಗಳ ಋಣ ಮಂಡ್ಯ ಜಿಲ್ಲೆಯವರಾದ ನಮ್ಮ ಮೇಲೆ ಬಹಳ ಇದೆ. ನಾವು ದಿನನಿತ್ಯ ಉಣ್ಣುವ ಮುದ್ದೆಯ ರಾಗಿ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳಿಂದ ಬಂದ ಧಾನ್ಯ. ಇಲ್ಲಿನ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಗೊಳಿಸಿ ಕೊಟ್ಟ ಇಂಡಾಫ್ ತಳಿಗಳು ಎಷ್ಟು ಮನೆಗಳ ಹೊಟ್ಟೆ ತುಂಬಿಸಿದವು ಎಂಬುದು ಈ ಭಾಗದ ಹಿರಿಯ ರೈತರಿಗೆ ಗೊತ್ತು. ಸಾರಿಗೆ ಹಾಕುವ ಹುಣಸೆಯ ಮೂಲವೂ ಆಫ್ರಿಕಾವೇ. ಸವಣೂರಿನ ಮಠದ ಆವರಣದಲ್ಲಿರುವ ದೊಡ್ಡಹುಣಸೆ ಮರಗಳು ಆಫ್ರಿಕಾದ ಬಾವೊಬಾಬ್ ಮರಗಳೇ ಆಗಿವೆ. ಅದೇ ರೀತಿ, ಇಲ್ಲಿಂದ ಹೋದ ನುಗ್ಗೆ ಇಂದು ನೈಜೀರಿಯಾ, ನೈಜರ್‌ನಂತಹ ದೇಶಗಳಲ್ಲಿ ಮನೆಮನೆಯ ಸೊಪ್ಪಾಗಿದೆ. ಹೀಗೆ ಪರಸ್ಪರ ಕೊಟ್ಟು ಪಡೆದ ಜನರ ವೈದ್ಯಜ್ಞಾನವನ್ನು ನಾವು ಗೌರವದಿಂದ ಓದಬೇಕು. ಆ ಜ್ಞಾನವನ್ನು ಒಂದು ಪರೀಕ್ಷೆಯ ಒಂದೇ ಅಂಕಿಗೆ ಇಳಿಸುವುದು ಅದಕ್ಕೆ ತೋರುವ ಗೌರವವಲ್ಲ ಎಂಬುದೇ ನನ್ನ ವಾದ.

ಆ ಪರೀಕ್ಷೆ ಯಾವುದೆಂದು ವಿವರಿಸುತ್ತೇನೆ. ಪತ್ರಿಕೆಗಳಲ್ಲಿ ಬರುವ ಇಂತಹ ಸುದ್ದಿಗಳ ಹಿಂದೆ ಹೆಚ್ಚಾಗಿ ಇರುವುದು ಡಿಪಿಪಿಎಚ್ ಎಂಬ ರಾಸಾಯನಿಕ. ಈ ವಿಧಾನವನ್ನು 1958ರಲ್ಲಿ ಮೊದಲು ವರದಿ ಮಾಡಲಾಯಿತು. ಡಿಪಿಪಿಎಚ್ ಒಂದು ಸ್ಥಿರವಾದ ಮುಕ್ತ ರಾಡಿಕಲ್, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣು; ಇಂತಹ ರಾಡಿಕಲ್‌ಗಳನ್ನು ತಣಿಸುವ ವಸ್ತುವೇ ಉತ್ಕರ್ಷಣ ನಿರೋಧಕ. ಮೆಥನಾಲಿನಲ್ಲಿ ಕರಗಿಸಿದರೆ ಕಡು ನೇರಳೆ ಬಣ್ಣ ಕೊಡುತ್ತದೆ. ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲಿನಲ್ಲಿ ನೆನೆಸಿ ತೆಗೆದ ಸಾರವನ್ನು ಈ ನೇರಳೆ ದ್ರಾವಣಕ್ಕೆ ಹಾಕಿ, ಸುಮಾರು ಅರ್ಧ ಗಂಟೆ ಕತ್ತಲಲ್ಲಿಟ್ಟು, ಅನಂತರ 517 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಅದರ ಮೂಲಕ ಹಾಯಿಸಿ ಎಷ್ಟು ಬೆಳಕು ಹೀರಿಕೆಯಾಯಿತೆಂದು ಅಳೆಯುತ್ತಾರೆ. ಸಾರದಲ್ಲಿರುವ ಪಾಲಿಫಿನಾಲ್‌ಗಳೆಂಬ ಸಸ್ಯಜನ್ಯ ಅಂಶಗಳು ರಾಡಿಕಲ್‌ಗೆ ಎಲೆಕ್ಟ್ರಾನನ್ನೋ ಹೈಡ್ರೋಜನ್ನನ್ನೋ ಕೊಟ್ಟಂತೆಲ್ಲ ನೇರಳೆ ಬಣ್ಣ ಇಳಿದು ತಿಳಿ ಹಳದಿಗೆ ತಿರುಗುತ್ತದೆ. ಬಣ್ಣವನ್ನು ಅರ್ಧಕ್ಕೆ ಇಳಿಸಲು ಒಂದು ಮಿಲಿಲೀಟರಿಗೆ ಎಷ್ಟು ಮೈಕ್ರೋಗ್ರಾಂ ಸಾರ ಬೇಕಾಯಿತು ಎಂಬುದೇ ಅಂತಿಮ ಅಂಕಿ; ಅದು ಕಡಿಮೆಯಾದಷ್ಟೂ ಸಾರ ಪ್ರಬಲ. ಜೊತೆಗೆ ಹೋಲಿಕೆಗಾಗಿ ವಿಟಮಿನ್ ಸಿ ದ್ರಾವಣವನ್ನೂ ಇಟ್ಟಿರುತ್ತಾರೆ. ವಿಟಮಿನ್ ಸಿ ಗಿಂತ ಪ್ರಬಲ ಎಂಬ ತಲೆಬರಹ ಹುಟ್ಟುವುದು ಈ ಹೋಲಿಕೆಯಿಂದಲೇ.

ಪರೀಕ್ಷೆ ಒಳ್ಳೆಯದೇ. ಖರ್ಚು ಕಡಿಮೆ; ಬೆಳಕಿನ ಹೀರಿಕೆ ಅಳೆಯುವ ಒಂದು ಸಾಧಾರಣ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಸಾಕು. ಆಫ್ರಿಕಾದ ವಿಶ್ವವಿದ್ಯಾಲಯಗಳಲ್ಲಿ ಆಗಲಿ, ನಮ್ಮ ಕಾಲೇಜುಗಳಲ್ಲಿ ಆಗಲಿ, ಅಲ್ಪ ಅನುದಾನದಲ್ಲಿ ಸಂಶೋಧನೆ ನಡೆಸಬೇಕಾದ ಪ್ರತಿಭಾವಂತರು ಇದನ್ನು ಆರಿಸಿಕೊಳ್ಳುವುದು ಸಹಜ, ಅವರನ್ನು ದೂರುವಂತಿಲ್ಲ. ಆದರೆ ಈ ಪರೀಕ್ಷೆಯಲ್ಲಿ ಪಾಸಾಗದ ಎಲೆಯನ್ನು ಹುಡುಕುವುದೇ ಕಷ್ಟ. ಸೀಬೆ ಎಲೆ, ಮಾವಿನ ತೊಗಟೆ, ಮನೆಯ ಚಹಾಪುಡಿ, ರಾಗಿಯ ಸಿಪ್ಪೆ, ಎಲ್ಲವೂ ನೇರಳೆಯನ್ನು ಹಳದಿಗೆ ತಿರುಗಿಸುತ್ತವೆ. ಬಿಸಿಲಿನ ಕಿರಣ, ಹುಳು, ಶಿಲೀಂಧ್ರಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಗಿಡಗಳು ಪಾಲಿಫಿನಾಲ್‌ಗಳನ್ನು ತಯಾರಿಸಿಕೊಳ್ಳುತ್ತವೆ; ಹಾಗಾಗಿ ಅವು ಎಲ್ಲೆಡೆ ಇವೆ. ಎಲ್ಲ ಗಿಡಗಳಲ್ಲೂ ಇರುವ ಗುಣವೊಂದು ಒಂದು ಗಿಡವನ್ನು ಔಷಧಿಯನ್ನಾಗಿ ಮಾಡುವುದು ಹೇಗೆ? ಇನ್ನು ಡಿಪಿಪಿಎಚ್ ಮನುಷ್ಯನ ದೇಹದಲ್ಲಿ ಇರುವ ವಸ್ತುವೇ ಅಲ್ಲ. ಹಳ್ಳಿಯ ವೈದ್ಯೆ ಎಲೆಯನ್ನು ನೀರಿನಲ್ಲಿ ಕುದಿಸಿ ಕಷಾಯ ಕೊಡುತ್ತಾಳೆ. ಪ್ರಯೋಗಾಲಯದಲ್ಲಿ ಬಳಸುವುದು ಕುಡಿದರೆ ಕಣ್ಣು ಕಳೆಯುವ ಮೆಥನಾಲ್. ಎರಡರಲ್ಲಿ ಹೊರಬರುವ ಅಂಶಗಳು ಒಂದೇ ಅಲ್ಲ. ಆಹಾರ ಪದಾರ್ಥಗಳ ಇಂತಹದೇ ಇನ್ನೊಂದು ಅಳತೆಯಾದ ಒರಾಕ್ ಅಂಕಿಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ ತನ್ನ ಜಾಲತಾಣದಲ್ಲಿ ಇಟ್ಟಿತ್ತು. ಆ ಅಂಕಿಗಳಿಗೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ತೋರಿಸುವ ಪುರಾವೆ ಇಲ್ಲವೆಂದೂ ಕಂಪನಿಗಳು ಅವನ್ನು ಮಾರಾಟಕ್ಕೆ ದುರುಪಯೋಗ ಮಾಡುತ್ತಿವೆಯೆಂದೂ ಹೇಳಿ 2012ರಲ್ಲಿ ಆ ಪಟ್ಟಿಯನ್ನು ತೆಗೆದುಹಾಕಿತು. ನಮ್ಮಲ್ಲಿ ಮಾರಾಟವಾಗುವ ಪುಡಿಯ ಡಬ್ಬಗಳ ಮೇಲೆ ಅಂತಹ ಅಂಕಿಗಳು ಈಗಲೂ ಕಾಣಸಿಗುತ್ತವೆ.

ಬಾಯಿಗೆ ಹಾಕಿಕೊಂಡ ಮೇಲೆ ನಡೆಯುವುದಂತೂ ಬೇರೆಯೇ ಕಥೆ. ಪಾಲಿಫಿನಾಲ್‌ಗಳಲ್ಲಿ ಸ್ವಲ್ಪ ಭಾಗ ಮಾತ್ರ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಸೇರಿದ್ದನ್ನೂ ಕರುಳು ಮತ್ತು ಯಕೃತ್ತು ಬೇಗನೆ ಬೇರೆ ರೂಪಕ್ಕೆ ತಿರುಗಿಸಿ ಮೂತ್ರದಲ್ಲಿ ಹೊರಹಾಕುತ್ತವೆ. ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿದ್ದ ಪ್ರಮಾಣ ರಕ್ತದಲ್ಲಿ ಎಂದೂ ಬರುವುದಿಲ್ಲ. ಸೇಬು ತಿಂದವರ ರಕ್ತದಲ್ಲಿ ಉತ್ಕರ್ಷಣ ನಿರೋಧಕ ಸಾಮರ್ಥ್ಯ ಏರಿದ್ದನ್ನು ಕಂಡು ವಿಜ್ಞಾನಿಗಳು ಕಾರಣ ಹುಡುಕಿದಾಗ, ಅದು ಸೇಬಿನ ಪಾಲಿಫಿನಾಲ್‌ಗಳಿಂದ ಅಲ್ಲ, ಹಣ್ಣಿನ ಸಕ್ಕರೆಯಿಂದಾಗಿ ರಕ್ತದಲ್ಲಿ ಹೆಚ್ಚಿದ ಯೂರಿಕ್ ಆಮ್ಲದಿಂದ ಎಂದು ಕಂಡುಬಂತು. ದೇಹಕ್ಕೆ ಗ್ಲುಟಾಥಯೋನ್, ಕೆಟಲೇಸ್ ಮೊದಲಾದ ತನ್ನದೇ ರಕ್ಷಣಾ ವ್ಯವಸ್ಥೆ ಇದೆ. ಅಲ್ಲದೆ ಮುಕ್ತ ರಾಡಿಕಲ್‌ಗಳು ಕೇವಲ ಶತ್ರುಗಳಲ್ಲ; ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಅವನ್ನೇ ಬಳಸುತ್ತವೆ.

ಹೆಚ್ಚು ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿಯೂ ಆಗಿದೆ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಅದರಲ್ಲಿ ಬೀಟಾ ಕೆರೋಟಿನ್ ಎಂಬ ಉತ್ಕರ್ಷಣ ನಿರೋಧಕದ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಇಂತಹದೇ ಇನ್ನೊಂದು ಅಧ್ಯಯನವನ್ನು ಇದೇ ಕಾರಣಕ್ಕೆ 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಇನ್ನೊಂದು ಉತ್ಕರ್ಷಣ ನಿರೋಧಕವಾದ ವಿಟಮಿನ್ ಇ ಮಾತ್ರೆ ಸೇವಿಸಿದ ಪುರುಷರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿತ್ತೆಂದು 2011ರಲ್ಲಿ ಮತ್ತೊಂದು ವರದಿ ಬಂತು. ಇವೆಲ್ಲ ಶುದ್ಧ ಮಾತ್ರೆಗಳ ಮಾತು, ಸೊಪ್ಪು ಹಣ್ಣುಗಳ ಮಾತಲ್ಲ ಎಂಬುದು ನಿಜ. ಆದರೂ ಉತ್ಕರ್ಷಣ ನಿರೋಧಕ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನುಂಗಬಾರದೆಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಆಫ್ರಿಕಾದ ಗಿಡಗಳಲ್ಲಿ ಸತ್ತ್ವವಿಲ್ಲವೇ? ಖಂಡಿತ ಇದೆ. ಅದು ಬೇರೆ ಕಡೆ ಇದೆ. ನಮ್ಮ ಮನೆಗಳ ಅಂಗಳದಲ್ಲೂ ದೇವಸ್ಥಾನಗಳ ಬಳಿಯೂ ಅರಳುವ ನಿತ್ಯಪುಷ್ಪ ಮಡಗಾಸ್ಕರ್ ದ್ವೀಪದ ಗಿಡ. ಹಲವು ದೇಶಗಳ ಜನ ಅದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಆ ನಂಬಿಕೆಯನ್ನು ಪರೀಕ್ಷಿಸಲು ಹೊರಟಾಗ ಪ್ರಾಣಿಗಳಲ್ಲಿ ಸಕ್ಕರೆ ಇಳಿಯಲಿಲ್ಲ. ಬದಲಿಗೆ ಬಿಳಿ ರಕ್ತಕಣಗಳ ಸಂಖ್ಯೆ ಕುಸಿಯಿತು. ಅದನ್ನು ವಿಫಲ ಪ್ರಯೋಗವೆಂದು ಬದಿಗಿಡದೆ ಅವರು ಬೆನ್ನು ಹತ್ತಿದರು. 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧ ವರದಿಯಾಯಿತು, ಅನಂತರ ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ದೊರೆಯಿತು. ಇಂದಿಗೂ ರಕ್ತದ ಕ್ಯಾನ್ಸರಿನಿಂದ ಬಳಲುವ ಮಕ್ಕಳಿಗೆ ವಿನ್‌ಕ್ರಿಸ್ಟಿನ್ ಕೊಡುತ್ತಾರೆ. ಜೀವಕೋಶ ಎರಡಾಗಿ ಒಡೆಯುವಾಗ ಬೇಕಾಗುವ ಸೂಕ್ಷ್ಮ ನಾಳಗಳನ್ನು ಕಟ್ಟಲು ಬಿಡದಿರುವುದು ಈ ಔಷಧದ ಕೆಲಸ. ನೇರಳೆ ಬಣ್ಣ ಮಾಸುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಈ ಗಿಡವನ್ನು ಡಿಪಿಪಿಎಚ್ ಒಂದರಿಂದಲೇ ಅಳೆದು ಪಟ್ಟಿ ಮಾಡಿದ್ದಿದ್ದರೆ ಜಗತ್ತು ಈ ಔಷಧಿಯನ್ನು ಕಳೆದುಕೊಳ್ಳುತ್ತಿತ್ತು.

ಇನ್ನೂ ಸ್ಪಷ್ಟವಾದ ಉದಾಹರಣೆ ಮಲೇರಿಯಾದ್ದು. ಚೀನಾ ಮೂಲದ್ದಾದರೂ ಈಗ ಕೀನ್ಯಾ, ತಾಂಜಾನಿಯಾ, ಮಡಗಾಸ್ಕರ್‌ಗಳಲ್ಲಿ ಬೆಳೆಯುವ ಆರ್ಟಿಮೀಸಿಯಾ ಗಿಡದ ಆರ್ಟಿಮಿಸಿನಿನ್ ಎಂಬ ಮಲೇರಿಯಾ ಔಷಧಕ್ಕಾಗಿ ಚೀನಾದ ವಿಜ್ಞಾನಿ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಬಂತು. ಆ ಔಷಧವು ಮಲೇರಿಯಾದ ಪರಾವಲಂಬಿಯೊಳಗಿನ ಕಬ್ಬಿಣದೊಂದಿಗೆ ವರ್ತಿಸಿ ಮುಕ್ತ ರಾಡಿಕಲ್‌ಗಳನ್ನು ಹುಟ್ಟಿಸಿ ಅದನ್ನು ಕೊಲ್ಲುತ್ತದೆ. ಅಂದರೆ ನಮ್ಮ ಕಾಲದ ಅತಿ ಮುಖ್ಯ ಗಿಡಮೂಲ ಔಷಧಿಗಳಲ್ಲಿ ಒಂದು ಕೆಲಸ ಮಾಡುವುದು ಉತ್ಕರ್ಷಣವನ್ನು ತಡೆದು ಅಲ್ಲ, ಉತ್ಕರ್ಷಣವನ್ನು ಉಂಟುಮಾಡಿ.

ಘಾನಾ ದೇಶದಲ್ಲಿ ಡಾ. ಓಕು ಆಂಪೋಫೋ ಅವರ ನೇತೃತ್ವದಲ್ಲಿ 1975ರಲ್ಲಿ ಮಾಂಪಾಂಗ್ ಎಂಬ ಊರಿನಲ್ಲಿ ಸಸ್ಯೌಷಧ ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿ ನಾಟಿ ವೈದ್ಯರ ಜ್ಞಾನವನ್ನು ಮೂಲವಾಗಿಟ್ಟುಕೊಂಡು, ಗಿಡ ಬೆಳೆಸುವುದರಿಂದ ಹಿಡಿದು ರೋಗಿಗಳನ್ನು ನೋಡುವವರೆಗೆ ಎಲ್ಲವನ್ನೂ ಒಂದೇ ಆವರಣದಲ್ಲಿ ನಡೆಸುವ ಪದ್ಧತಿ ಬೆಳೆಯಿತು. ಅಲ್ಲಿನ ಜನ ಮಲೇರಿಯಾ ಜ್ವರಕ್ಕೆ ಬಳಸುವ ಕ್ರಿಪ್ಟೊಲೆಪಿಸ್ ಬೇರಿನಲ್ಲಿ ಕೆಲಸ ಮಾಡುವ ಅಂಶ ಒಂದು ಆಲ್ಕಲಾಯ್ಡ್, ಅಂದರೆ ಸಾರಜನಕವಿರುವ ಸಸ್ಯಜನ್ಯ ರಾಸಾಯನಿಕ; ಪಾಲಿಫಿನಾಲ್ ಅಲ್ಲ. ತಾಂಜಾನಿಯಾದ ಮಹಾಲೆ ಬೆಟ್ಟಗಳಲ್ಲಿ ಕಾಯಿಲೆಬಿದ್ದ ಚಿಂಪಾಂಜಿಯೊಂದು ಕಹಿಎಲೆ ಗಿಡದ ಎಳೆಯ ಕಾಂಡದ ಸಿಪ್ಪೆ ಸುಲಿದು ಒಳಗಿನ ತಿರುಳನ್ನು ಅಗಿದು ರಸ ನುಂಗಿದ್ದನ್ನು 1987ರಲ್ಲಿ ಚಿಂಪಾಂಜಿಗಳ ಸಂಶೋಧಕ ಮೈಕೆಲ್ ಹಫ್‌ಮನ್ ಗಮನಿಸಿದರು. ಜೊತೆಗಿದ್ದ ಟೊಂಗ್ವೆ ಬುಡಕಟ್ಟಿನ ಮೊಹಮ್ಮದಿ ಸೈಫು ಕಲುಂಡೆ ಅವರಿಗೆ ಅದು ತಮ್ಮ ಜನರ ಹೊಟ್ಟೆನೋವಿನ, ಜಂತುಹುಳದ ಔಷಧವೆಂದು ಗೊತ್ತಿತ್ತು. ಆ ಒಬ್ಬ ಹಳ್ಳಿಗನ ಜ್ಞಾನವಿಲ್ಲದಿದ್ದರೆ ವಿಜ್ಞಾನಿಗೆ ತಾನು ಕಂಡದ್ದರ ಅರ್ಥವೇ ಹೊಳೆಯುತ್ತಿರಲಿಲ್ಲ. ಅದೇ ಗಿಡದ ಎಲೆಯನ್ನು ನೈಜೀರಿಯಾದ ಹೆಂಗಸರು ಉಜ್ಜಿ ತೊಳೆದು ಕಹಿ ಇಳಿಸಿ, ನಾವು ಬಸ್ಸಾರು ಮಾಡುವಷ್ಟೇ ಸಹಜವಾಗಿ ಸಾರು ಮಾಡುತ್ತಾರೆ. ಇಂತಹ ವಿವರಗಳು ನಮ್ಮ ಪತ್ರಿಕೆಗಳಲ್ಲಿ ಬರಬೇಕೆಂದು ನನ್ನ ಆಸೆ.

ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷೆಗೊಳಗಾದ ಗಿಡಗಳೂ ಇವೆ. ಸುಡಾನ್, ಈಜಿಪ್ಟ್‌ಗಳಲ್ಲಿ ಕರ್ಕಡೆ ಎಂದೂ ಸೆನೆಗಲ್‌ನಲ್ಲಿ ಬಿಸ್ಸಾಪ್ ಎಂದೂ ಕರೆಯುವ ಕೆಂಪು ಪಾನೀಯ ನಮ್ಮ ಪುಂಡಿ ಸೊಪ್ಪಿನ ಜಾತಿಯ ಗಿಡದ ಹೂವಿನ ಕೆಂಪು ಪುಷ್ಪಪಾತ್ರೆಯಿಂದ ತಯಾರಾಗುತ್ತದೆ. ಅಮೆರಿಕದಲ್ಲಿ 65 ಮಂದಿಗೆ ಆರು ವಾರ ದಿನಕ್ಕೆ ಮೂರು ಲೋಟ ಈ ಪಾನೀಯವನ್ನೋ ಅದರಂತೆಯೇ ಕಾಣುವ ಬೇರೆ ಪಾನೀಯವನ್ನೋ ಕೊಟ್ಟು ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೇಲಿನ ರಕ್ತದೊತ್ತಡ ಕರ್ಕಡೆ ಕುಡಿದವರಲ್ಲಿ ಸರಾಸರಿ 7 ಅಂಕಗಳಷ್ಟು ಇಳಿಯಿತು, ಇನ್ನೊಂದು ಗುಂಪಿನಲ್ಲಿ ಸುಮಾರು 1 ಅಂಕ. ಇದು ಸಣ್ಣ ಅಧ್ಯಯನ, ಪರಿಣಾಮವೂ ಮಿತವಾದದ್ದು. ಆದರೂ ಇದು ಮನುಷ್ಯರ ಮೇಲೆ ಅಳೆದ ಫಲ. ಸಾವಿರ ಡಿಪಿಪಿಎಚ್ ಅಂಕಿಗಳಿಗಿಂತ ಇಂತಹ ಒಂದು ಅಧ್ಯಯನ ನನಗೆ ಹೆಚ್ಚು ಮುಖ್ಯ.

ತದ್ವಿರುದ್ಧವಾದ ಉದಾಹರಣೆಯನ್ನು ನೋವಿನಿಂದ ಉಲ್ಲೇಖಿಸುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ ಆಫ್ರಿಕನ್ ಆಲೂಗಡ್ಡೆ ಎಂದು ಕರೆಯುವ ಹೈಪಾಕ್ಸಿಸ್ ಗಡ್ಡೆಯಿಂದ ದೊರೆಯುವ ರೂಪರಾಲ್ ಎಂಬ ಅಂಶ ಪ್ರಯೋಗಾಲಯದಲ್ಲಿ ಪ್ರಬಲ ಉತ್ಕರ್ಷಣ ನಿರೋಧಕ. 2000ದ ನಂತರದ ವರ್ಷಗಳಲ್ಲಿ ಆ ದೇಶದ ಆರೋಗ್ಯ ಸಚಿವೆಯೇ ಎಚ್‌ಐವಿ ಪೀಡಿತರಿಗೆ ಈ ಗಡ್ಡೆಯನ್ನು ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಹಣ್ಣುಗಳ ಜೊತೆಗೆ ಶಿಫಾರಸು ಮಾಡಿದರು. ಎಚ್‌ಐವಿ ನಿಗ್ರಹಿಸುವ ಮಾತ್ರೆಗಳ ವಿತರಣೆ ತಡವಾಯಿತು. 2000ದಿಂದ 2005ರ ನಡುವೆ ಈ ವಿಳಂಬದಿಂದ 3,30,000ಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜಿಸಿದರು. ಅದೇ ಗಡ್ಡೆಯ ಸಾರವು ಎಚ್‌ಐವಿ ಮಾತ್ರೆಗಳನ್ನು ದೇಹದಲ್ಲಿ ವಿಭಜಿಸುವ ಯಕೃತ್ತಿನ ಕಿಣ್ವವನ್ನು ತಡೆಯುತ್ತದೆ, ಇದರಿಂದ ರಕ್ತದಲ್ಲಿ ಮಾತ್ರೆಯ ಪ್ರಮಾಣ ಏರುಪೇರಾಗಬಹುದು ಎಂಬುದೂ ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಸತ್ತವರು ನಾಟಿ ವೈದ್ಯದಿಂದ ಸಾಯಲಿಲ್ಲ. ಪ್ರಯೋಗಾಲಯದ ಒಂದು ಗುಣವನ್ನೂ ಪರಂಪರೆಯ ಹೆಸರನ್ನೂ ಸೇರಿಸಿ, ಸಿಗಬೇಕಾದ ಮಾತ್ರೆಯ ಬದಲಿಗೆ ನಿಲ್ಲಿಸಿದ್ದರಿಂದ ಸತ್ತರು.

ನಮ್ಮ ಊರುಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇಲ್ಲದ ಮನೆ ಅಪರೂಪವಾಗಿರುವಾಗ ಈ ಮಾತು ನಮಗೂ ಅನ್ವಯಿಸುತ್ತದೆ. ನನಗೆ ಪರಿಚಿತರಾದ ರೈತ ಮಹಿಳೆಯೊಬ್ಬರು ಅಂಗಡಿಯೊಂದರಲ್ಲಿ ಹೇಳಿದ್ದನ್ನು ನಂಬಿ, ವಿದೇಶಿ ಎಲೆಯ ಪುಡಿಯೊಂದನ್ನು ದಿನಕ್ಕೆರಡು ಚಮಚ ಬಿಸಿನೀರಿಗೆ ಬೆರೆಸಿ ಕುಡಿಯುತ್ತ, ಸಕ್ಕರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದ್ದರು. ಕಾಲಿನ ಗಾಯ ಮಾಯದೆ ಕೊನೆಗೆ ಆಸ್ಪತ್ರೆ ಸೇರಬೇಕಾಯಿತು. ನಾನು ನೋಡಲು ಹೋದಾಗ ಡಬ್ಬ ಮಂಚದ ಪಕ್ಕದಲ್ಲೇ ಇತ್ತು. ಅದರ ಮೇಲೆ ಉತ್ಕರ್ಷಣ ನಿರೋಧಕ ಶಕ್ತಿಯ ಬಗ್ಗೆ ದಪ್ಪ ಅಕ್ಷರದ ಸಾಲುಗಳಿದ್ದವು. ಯಾವ ರೋಗಿಗಳ ಮೇಲೆ ಪರೀಕ್ಷೆ ಆಯಿತು, ಬೇರೆ ಮಾತ್ರೆ ತೆಗೆದುಕೊಳ್ಳುವವರು ಏನು ಮಾಡಬೇಕು ಎಂಬ ಒಂದು ಸಾಲೂ ಇರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು ವಿಟಮಿನ್ ಕೆ ಹೇರಳವಾಗಿರುವ ಹಸಿರೆಲೆಯ ಪುಡಿಯನ್ನು ದಿಢೀರನೆ ಹೆಚ್ಚಾಗಿ ತಿಂದರೆ ಮಾತ್ರೆಯ ಪರಿಣಾಮ ತಗ್ಗಬಹುದು. ಪಾಲಿಫಿನಾಲ್ ಹೆಚ್ಚಿರುವ ಕಷಾಯವನ್ನು ಊಟದ ಜೊತೆಗೇ ಕುಡಿದರೆ ಸೊಪ್ಪು ಧಾನ್ಯಗಳ ಕಬ್ಬಿಣಾಂಶ ದೇಹಕ್ಕೆ ಹತ್ತುವುದು ಕಡಿಮೆಯಾಗುತ್ತದೆ; ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಆಫ್ರಿಕಾದ ಜನರಿಗೆ ಈ ವ್ಯಾಪಾರದಿಂದ ಆಗುತ್ತಿರುವ ಹಾನಿ ಲಾಭಗಳೂ ನಮ್ಮ ಲೇಖನಗಳಲ್ಲಿ ಕಾಣುವುದಿಲ್ಲ. ಪ್ರಾಸ್ಟೇಟ್ ತೊಂದರೆಗೆಂದು ಯುರೋಪಿಗೆ ರಫ್ತಾಗುವ ಆಫ್ರಿಕನ್ ಚೆರ್ರಿ ಮರದ ತೊಗಟೆಗಾಗಿ ಕ್ಯಾಮರೂನ್ ಮೊದಲಾದೆಡೆ ಮರಗಳನ್ನು ಸುತ್ತಲೂ ಸುಲಿದು ಸಾಯಿಸಿದ್ದರಿಂದ, 1995ರಲ್ಲಿ ಅದನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು. ದಕ್ಷಿಣ ಆಫ್ರಿಕಾದವರು ಕೆಮ್ಮಿಗೆ ಬಳಸುವ ಪೆಲಾರ್ಗೋನಿಯಂ ಬೇರಿನ ಸಾರ ತೆಗೆಯುವ ವಿಧಾನಕ್ಕೆ ಜರ್ಮನಿಯ ಕಂಪನಿಯೊಂದು ಪಡೆದಿದ್ದ ಪೇಟೆಂಟ್ ಅಲ್ಲಿನ ಜನರ ಹೋರಾಟದ ನಂತರ 2010ರಲ್ಲಿ ರದ್ದಾಯಿತು. ಅರಿಸಿನದ ಪೇಟೆಂಟನ್ನು 1997ರಲ್ಲಿ ರದ್ದು ಮಾಡಿಸಿದ ದೇಶದವರಾದ ನಮಗೆ ಈ ಹೋರಾಟ ಬೇಗ ಅರ್ಥವಾಗಬೇಕು. ಕೆಂಪು ಚಹಾ ಮಾಡುವ ರೂಯಿಬೋಸ್ ಪೊದೆ ದಕ್ಷಿಣ ಆಫ್ರಿಕಾದ ಸೀಡರ್‌ಬರ್ಗ್ ಬೆಟ್ಟಸಾಲಿನ ಸುತ್ತ ಮಾತ್ರ ಬೆಳೆಯುತ್ತದೆ. ಅದರ ಆಸ್ಪಲಾಥಿನ್ ಎಂಬ ವಿಶಿಷ್ಟ ಅಂಶ ಹಸಿರು ಎಲೆಯಲ್ಲಿ ಹೆಚ್ಚಿದ್ದು, ಕೆಂಪು ಚಹಾ ಮಾಡಲು ಹುದುಗಿಸಿದಾಗ ಬಹುಪಾಲು ಹೋಗಿಬಿಡುತ್ತದೆ ಎಂಬುದನ್ನು ಕೆಂಪು ಚಹಾದ ಗುಣಗಾನ ಮಾಡುವವರು ತಿಳಿಸುವುದಿಲ್ಲ. ಅದನ್ನು ಮೊದಲು ಬಳಸಿದ ಸಾನ್ ಮತ್ತು ಖೋಯ್ ಜನರಿಗೆ 2019ರ ಒಪ್ಪಂದದಂತೆ ಬೆಳೆಗೆ ತೋಟದ ಬಾಗಿಲಲ್ಲಿ ಸಿಗುವ ಬೆಲೆಯ ಶೇ 1.5ರಷ್ಟು ಸಲ್ಲಬೇಕಾಗಿದೆ ಎಂಬ ಸುದ್ದಿಯೂ ನಮ್ಮ ಓದುಗರಿಗೆ ತಲುಪಿಲ್ಲ.

ಆದ್ದರಿಂದ ಪತ್ರಿಕೆಯಲ್ಲಿ ನನ್ನ ವಿನಂತಿ ಇಷ್ಟು. ಗಿಡವೊಂದರ ಔಷಧ ಗುಣದ ಬಗ್ಗೆ ಲೇಖನ ಪ್ರಕಟಿಸುವಾಗ ಆ ಫಲಿತಾಂಶ ನಳಿಕೆಯದೋ, ಇಲಿಯದೋ, ಮನುಷ್ಯರದೋ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳುವಂತೆ ಲೇಖಕರನ್ನು ಕೇಳಿಕೊಳ್ಳಿ. ನೀರಿನ ಕಷಾಯವನ್ನು ಪರೀಕ್ಷಿಸಿದ್ದೋ ಮೆಥನಾಲ್ ಸಾರವನ್ನೋ ಎಂಬುದೂ ಇರಲಿ. ಆ ಗಿಡವನ್ನು ಯಾವ ಜನ, ಯಾವ ಕಾಯಿಲೆಗೆ, ಹೇಗೆ ಬಳಸುತ್ತಾರೆ ಎಂಬುದನ್ನು ಬಿಡಬೇಡಿ. ಮೈಸೂರಿನಲ್ಲಿ 1908ರಷ್ಟು ಹಿಂದೆಯೇ ಆರಂಭವಾದ ಸರ್ಕಾರಿ ಆಯುರ್ವೇದ ಕಾಲೇಜಿದೆ, ರಾಗಿಯ ಪಾಲಿಫಿನಾಲ್‌ಗಳ ಮೇಲೆ ಗಂಭೀರ ಕೆಲಸ ಮಾಡಿದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಔಷಧ ವಿಜ್ಞಾನ ಕಲಿಸುವ ಕಾಲೇಜುಗಳಿವೆ. ಅಲ್ಲಿನ ತಜ್ಞರಿಂದ ಗಿಡಮೂಲಿಕೆ ಮತ್ತು ಮಾತ್ರೆಗಳನ್ನು ಒಟ್ಟಿಗೆ ಸೇವಿಸುವವರಿಗಾಗಿ ವಾರಕ್ಕೊಂದು ಪ್ರಶ್ನೋತ್ತರ ಅಂಕಣ ಬರೆಸಬಹುದು. ತಮ್ಮ ಆರೋಗ್ಯ ಪುರವಣಿಯ ಪುಟದಲ್ಲೇ ಇಂತಹ ಪುಡಿಗಳ ಜಾಹೀರಾತೂ ಬರುವುದರಿಂದ, ಲೇಖನ ಯಾವುದು, ಜಾಹೀರಾತು ಯಾವುದು ಎಂಬುದು ಓದುಗರಿಗೆ ಒಂದೇ ನೋಟಕ್ಕೆ ತಿಳಿಯುವಂತೆ ಅಚ್ಚು ಮಾಡಬೇಕೆಂದೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವರಸಾಯನ ವಿಜ್ಞಾನ ಅಧ್ಯಾಪಕ, ಮಂಡ್ಯ